ಲಾಯರಮ್ಮನ ಹನ್ನೊಂದು ಹೆಜ್ಜೆ

ಟೈಲರಣ್ಣನ ಮಗಳಿಗೆ ಎಂಟು ವರ್ಷ. ಮಾತುಮಾತಿಗೂ ವಾದಕ್ಕೆ ನಿಲ್ಲುವುದರಿಂದ ಮನೆಯವರೆಲ್ಲ ಅವಳನ್ನು ಲಾಯರಮ್ಮ ಎನ್ನುತ್ತಾರೆ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಚಲನೆಗೆ ಅಡ್ಡಿ. ಕಾಲು ಬಿಗಿ, ಮಾತು ನಿಧಾನ. ಬುದ್ಧಿಯಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ!

ಆರು ತಿಂಗಳ ಹಿಂದೆ ಗೋಡೆ ಹಿಡಿದು ಇಡೀ ಮನೆ ಸುತ್ತುತ್ತಿದ್ದವಳು ಈಗ ಮೂರು ಹೆಜ್ಜೆಗೇ ಕೂತುಬಿಡುತ್ತಿದ್ದಳು. ಅಪ್ಪ ಗಾಬರಿಯಿಂದ ಆಸ್ಪತ್ರೆಗೆ ಕರೆದೊಯ್ದ.

ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಕಾಲು ಮಡಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಬಿಗಿ ಹೆಚ್ಚಾಗಿದೆಯಲ್ಲಾ ಅಣ್ಣಾ. ಹೀಗೇ ಬಿಟ್ರೆ ಇರೋ ನಡಿಗೇನೂ ಹೋಗುತ್ತೆ. ವ್ಯಾಯಾಮ ಮಾಡಿಸ್ತಿದ್ದೀರಾ?"

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ."

"ಮತ್ತೆ ಶಾಲೇಲಿ?"

ಅಪ್ಪ ತಲೆ ಕೆರೆದುಕೊಂಡ. ಲಾಯರಮ್ಮ ಬಾಯಿ ಹಾಕಿದಳು. "ಶಾಲೇಲಿ... ನಡೆಯೋದೇ ಇಲ್ಲ. ಟೀಚರ್ ಎತ್ಕೊಂಡು ಹೋಗ್ತಾರೆ. ಕಾಲುಪಟ್ಟಿ... ಅಜ್ಜಿ ಬಿಚ್ಚಿ ಕಳಿಸ್ತಾಳೆ."

ಪಾದ ನೇರ ನಿಲ್ಲಲೆಂದು ಆಸ್ಪತ್ರೆಯವರೇ ಕೊಟ್ಟ ಪಟ್ಟಿ ಅದು! ಮನೆಗೆ ಬಂದವನೇ ಅಪ್ಪ ಅಜ್ಜಿಯನ್ನು ಕೇಳಿದ. "ಯಾಕಮ್ಮಾ ಹೀಗೆ ಮಾಡ್ದೆ?"

"ಶಾಲೆಯವರಿಗೆ ಆಸ್ಪತ್ರೆ ಸುದ್ದಿ ಗೊತ್ತಾದ್ರೆ ಈ ಹುಡುಗಿ ನಮಗೆ ಬೇಡ ಅಂತ ವಾಪಸ್ ಕಳಿಸಿಬಿಡ್ತಾರೆ ಕಣೋ," ಎಂದಳು ಅಜ್ಜಿ, ಸೆರಗಿನಿಂದ ಕಣ್ಣೊರೆಸುತ್ತ. ಅವಳನ್ನು ಬೈಯಲು ಅಪ್ಪನಿಗೆ ಮನಸ್ಸಾಗಲಿಲ್ಲ. ಆ ಭಯ ಅವನಿಗೂ ಇತ್ತು.

ಮರುದಿನ ಮೂವರೂ ಶಾಲೆಗೆ ಹೋದರು. ಫಿಸಿಯೋ ಮೇಡಂ ಶಾಲೆಗೆಂದು ಬರೆದುಕೊಟ್ಟಿದ್ದ ನೋಟ್‌ಬುಕ್ಕನ್ನು ಟೀಚರ್ ಓದಿದರು: ಪಟ್ಟಿ ಹಾಕಿರಲಿ. ಕೂತಾಗ ಪಾದ ನೆಲಕ್ಕೆ ತಾಗಲಿ. ಎತ್ತಬೇಡಿ, ಪಕ್ಕದಲ್ಲಿ ನಿಂತು ನಡೆಸಿ.

"ಅಯ್ಯೋ, ಬಿದ್ದುಗಿದ್ದಾಳು ಅಂತ ಎತ್ಕೋತಿದ್ದೆ! ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಇವಳನ್ನ ಕಳಿಸಿಬಿಡ್ತೀರೇನೋ ಅಂತ..." ಅಜ್ಜಿ ತಡವರಿಸಿದಳು.

"ಇವಳನ್ನ ಕಳಿಸಿದ್ರೆ ನನ್ನ ಕ್ಲಾಸಲ್ಲಿ ಪ್ರಶ್ನೆ ಕೇಳೋರು ಯಾರಜ್ಜೀ?"

ಅಂದಿನಿಂದ ಪ್ರತಿ ಮಂಗಳವಾರ ಅವಳು ಫಿಸಿಯೋ ಮೇಡಂ ಬಳಿ ಹೋಗತೊಡಗಿದಳು. ಎರಡು ವಾರದ ನಂತರ ಟೀಚರ್ ಕೂಡ ಅದೇ ನೋಟ್‌ಬುಕ್ಕಿನಲ್ಲಿ ಬರೆದರು: ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಬರುವುದರಿಂದ ಗಣಿತದ ಪಾಠ ತಪ್ಪುತ್ತಿದೆ. ಆಸ್ಪತ್ರೆಯವರು ಸಮಯವನ್ನು ಸಂಜೆಗೆ ಬದಲಿಸಿದರು. ನೋಟ್‌ಬುಕ್ಕಿಗಾಗಿ ಅಪ್ಪ ಶಾಲೆ ಚೀಲಕ್ಕೆ ಹೊಸ ಜೇಬು ಹೊಲಿದ. ಕಾಲುಪಟ್ಟಿ ಕಟ್ಟುವ ಕೆಲಸ ಈಗ ಅಜ್ಜಿಯದೇ, ಬೇರೆಯವರು ಮುಟ್ಟುವಂತಿಲ್ಲ.

ಮೂರು ತಿಂಗಳ ನಂತರ ಲಾಯರಮ್ಮ ಗೋಡೆ ಹಿಡಿಯದೆ ಕ್ಲಾಸಿನ ಬಾಗಿಲಿನಿಂದ ಬೋರ್ಡಿನವರೆಗೆ ನಡೆದಳು. ಎಂಟನೇ ಹೆಜ್ಜೆಗೆ ತೂರಾಡಿದಾಗ ಟೀಚರ್ ಎತ್ತಲು ಕೈಚಾಚಿದರು.

"ಟೀಚರ್... ಎತ್ತಬೇಡಿ. ನೋಟ್‌ಬುಕ್ಕಲ್ಲಿ... ಬರೆದಿದೆ!"

ಒಟ್ಟು ಹನ್ನೊಂದು ಹೆಜ್ಜೆ. ಕಿಟಕಿಯಾಚೆ ನಿಂತಿದ್ದ ಅಜ್ಜಿ ಒಂದೊಂದನ್ನೂ ಎಣಿಸಿದ್ದಳು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗು ಇದೆಯೇ? ಒಂದೊಂದು ಮಗುವಿನ ಅಗತ್ಯ ಒಂದೊಂದು ಥರ. ನಿಮ್ಮ ಮಗುವಿಗೆ ಏನು ಬೇಕೆಂದು ಆಸ್ಪತ್ರೆಯಲ್ಲಿ ಕೇಳಿ ಬರೆಸಿಕೊಳ್ಳಿ, ಶಾಲೆಗೆ ತೋರಿಸಿ. ಶಾಲೆಯವರು ಕಂಡದ್ದನ್ನು ಆಸ್ಪತ್ರೆಗೆ ತಿಳಿಸಿ. ಹೆದರಿ ಬಚ್ಚಿಡಬೇಡಿ. ನಾಳೆ ಬೆಳಿಗ್ಗೆಯೇ ಮಗುವಿನ ಚೀಲದಲ್ಲಿ ಒಂದು ನೋಟ್‌ಬುಕ್ ಇಡಿ.