ಅರ್ಧಪಾಲಿನ ಕಲ್ಲು

ಉತ್ತರದ ಹಿಮದ ನಾಡಿನ ಕಡಲಂಚಿನಲ್ಲಿರುವ ನಮ್ಮೂರಿನ ಈಜುಕೊಳದ ಅಂಗಳದಲ್ಲಿ ಒಂದು ಕಲ್ಲಿದೆ. ಅದರ ಹೆಸರು ಅರ್ಧಪಾಲು. ಹುಟ್ಟು ಹಾಕುವ ದೋಣಿಗಳ ಕಾಲದಲ್ಲಿ ಅದನ್ನು ನೆಲದಿಂದ ಎತ್ತಿ ಸೊಂಟದೆತ್ತರದ ಕಟ್ಟೆಯ ಮೇಲೆ ಇಟ್ಟವರಿಗೆ ಹಿಡಿದ ಮೀನಿನಲ್ಲಿ ಅರ್ಧ ಪಾಲು ಸಿಗುತ್ತಿತ್ತು. ಇಡಲಾಗದವರಿಗೆ ದೋಣಿಯಲ್ಲಿ ಜಾಗವೇ ಇರಲಿಲ್ಲ. ಈಗ ಬೇಸಿಗೆಯ ಪ್ರವಾಸಿಗಳು ಅದರ ಜೊತೆ ಗುದ್ದಾಡಿ, ಫೋಟೋ ತೆಗೆಸಿಕೊಂಡು, ಸೊಂಟ ಹಿಡಿದುಕೊಂಡು ಹೋಗುತ್ತಾರೆ. ಎತ್ತಿ ಇಟ್ಟವರು ಅದನ್ನು ಕಟ್ಟೆಯಿಂದ ಒದ್ದು ಕೆಡವಬೇಕು, ಅದು ಪದ್ಧತಿ. ಧಡ್ ಎಂಬ ಸದ್ದಿಗೆ ಬಿಸಿನೀರಿನ ತೊಟ್ಟಿಯಲ್ಲಿ ಕೂತ ಮುದುಕರೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಆ ಕಲ್ಲಿಗೆ ಹಿಡಿಕೆಯಿಲ್ಲ, ಅಪ್ಪಿಕೊಂಡೇ ಎತ್ತಬೇಕು. ತೂಕ ಐವತ್ತು ಕಿಲೋಗೆ ತುಸು ಮೇಲೆ. ನನ್ನ ಅಮ್ಮನ ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಒಂಬತ್ತು ವರ್ಷ ನಾನು ಕಾಲು ಸೋತ ಅಮ್ಮನನ್ನು ಎತ್ತಿದೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಅಲ್ಲಿಂದ ಮತ್ತೆ ಹಾಸಿಗೆಗೆ. ಮೀನಿನ ಕಾರ್ಖಾನೆಗೆ ಹೋಗುವ ಮೊದಲೊಮ್ಮೆ, ಊಟದ ಬಿಡುವಿನಲ್ಲಿ ಓಡಿಬಂದು ಒಮ್ಮೆ, ಸಂಜೆಯಿಂದ ಮಲಗುವ ತನಕ ಎಷ್ಟು ಸಲವೋ. ಪ್ರತಿ ಸಲವೂ ಅವಳು ನನ್ನ ಕುತ್ತಿಗೆಗೆ ಕೈ ಸುತ್ತಿಕೊಂಡು, ಹೆಸರು ಹಿಡಿದು ಕೇಳುತ್ತಿದ್ದಳು.

"ಭಾರ ಆಗ್ತಿದೀನಾ ಸ್ವಾವಾ?"

"ಇಲ್ಲಮ್ಮ, ಏನೂ ಭಾರ ಇಲ್ಲ."

ಹಸಿಹಸಿ ಸುಳ್ಳು. ಬೆನ್ನು ಮುರಿಯುವಷ್ಟು ಭಾರವಿದ್ದಳು, ವರ್ಷದಿಂದ ವರ್ಷಕ್ಕೆ ಸೊರಗುತ್ತಾ ಹೋದರೂ ನನ್ನ ಕೈಗೆ ಇನ್ನಷ್ಟು ಭಾರವಾಗುತ್ತಾ ಹೋದಳು. ರಾಜಧಾನಿಯಲ್ಲಿರುವ ಅಕ್ಕ ಹೆರ್ದಿಸ್ ಭಾನುವಾರ ಫೋನ್ ಮಾಡಿ, "ನೀನು ಗಟ್ಟಿಗಿತ್ತಿ ಕಣೇ, ನನ್ ಕೈಲಂತೂ ಆಗ್ತಿರ್ಲಿಲ್ಲ" ಎನ್ನುತ್ತಿದ್ದಳು. ಹೊಗಳಿ ಹೊಗಳಿಯೇ ಕೆಲಸದಿಂದ ತಪ್ಪಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಹೋದ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಜಾರಿ ನೆಲಕ್ಕೆ ಬಂದಳು. ಪೆಟ್ಟೇನೂ ಆಗಿರಲಿಲ್ಲ. ಎತ್ತಿ ಮೇಲೆ ಮಲಗಿಸಿದ್ದರೆ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ. ಕಂಕುಳಿಗೆ ಕೈ ಕೊಟ್ಟು ನೋಡಿದೆ, ಕಂಬಳಿ ಸುತ್ತಿ ಎಳೆದು ನೋಡಿದೆ. ತೋಳು ನಡುಗಿತೇ ಹೊರತು ಅವಳು ಮೇಲೇಳಲಿಲ್ಲ. ಕೊನೆಗೆ ಆಸ್ಪತ್ರೆಗೆ ಫೋನ್ ಮಾಡಿ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಇಬ್ಬರಿಗೂ ಒಂದೇ ರಜಾಯಿ ಹೊದಿಸಿದೆ. ಆಂಬುಲೆನ್ಸ್ ಹಿಮದಲ್ಲಿ ಘಾಟಿ ದಾಟಿ ಬರುವ ತನಕ ಇಬ್ಬರೂ ರೇಡಿಯೋದಲ್ಲಿ ದಿನವೂ ಓದುವ ಸತ್ತವರ ಸುದ್ದಿ ಕೇಳುತ್ತಾ ಕೂತಿದ್ದೆವು. "ಬಿಡು ಮಗಳೇ, ಇಲ್ಲೇ ಬೆಚ್ಚಗಿದೆ" ಎಂದಳು ಅಮ್ಮ. ಮನೆಯಲ್ಲಿ ಒಬ್ಬಳಿಂದ ಆಗುವುದಿಲ್ಲ ಎಂದು ಅವಳನ್ನು ಪಕ್ಕದ ಊರಿನ ಆರೈಕೆ ಮನೆಗೆ ಸೇರಿಸಿದರು. ಹಿಮ ಕರಗುವ ಮೊದಲೇ ಅಲ್ಲಿ, ಗುರುತಿಲ್ಲದ ಕಿಟಕಿಯ ಪಕ್ಕ, ತೀರಿಕೊಂಡಳು.

ಅದೊಂದು ಸಲ ಎತ್ತಿದ್ದರೆ ಅವಳು ಮನೆಯಲ್ಲೇ ಇರುತ್ತಿದ್ದಳು. ಎತ್ತಲು ನನಗೆ ಸಾಧ್ಯವಿತ್ತೇ, ಇಲ್ಲವೇ? ಇದನ್ನು ಯಾರ ಹತ್ತಿರ ಕೇಳುವುದು? ಹಾಗಾಗಿ ಐವತ್ತಾರನೆಯ ವಯಸ್ಸಿನಲ್ಲಿ ಆ ಕಲ್ಲನ್ನು ಕೇಳಲು ಹೋದೆ.

ಈಜುಕೊಳವನ್ನೂ ಅದರ ಹಿಂದಿನ ಪುಟ್ಟ ಜಿಮ್ಮನ್ನೂ ನೋಡಿಕೊಳ್ಳುವವನು ಆಸ್ಗೇರ್. ಹರೆಯದಲ್ಲಿ ದೊಡ್ಡ ಮೀನು ಹಡಗುಗಳಲ್ಲಿ ದುಡಿದು ಎರಡೂ ಮಂಡಿ ಸವೆಸಿಕೊಂಡವನು. ಈಗ ಬಾಯಿ ಮಾತ್ರ ಗಟ್ಟಿ.

"ಏನ್ ತಾಯಿ, ಸೊಂಟ ಸಣ್ಣ ಮಾಡ್ಕೋಬೇಕಾ?" ಎಂದ.

"ಹೊರಗಿರೋ ಕಲ್ಲು ಎತ್ತಬೇಕು."

ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಚೆನ್ನಾಗಿ ಹೇಳಿಕೊಟ್ಟ. ಬೆನ್ನು ಹೇಗಿಡಬೇಕು, ಉಸಿರು ಎಲ್ಲಿ ಹಿಡಿಯಬೇಕು, ಕಾಲಿನಿಂದ ಏಳುವುದು ಹೇಗೆ. ಮೊದಮೊದಲು ಮೈ ಹೇಳಿದ ಹಾಗೆ ಕೇಳಿತು. ಮೇ ತಿಂಗಳಲ್ಲಿ ಅಲುಗದ ಕಲ್ಲು ಜುಲೈ ಹೊತ್ತಿಗೆ ಮಂಡಿಯ ತನಕ ಬಂತು. "ವಾರಕ್ಕೆ ಮೂರು ದಿನ ಸಾಕು, ಮಿಕ್ಕ ದಿನ ಮನೇಲಿರು" ಎಂದಿದ್ದ. ಹೂಂ ಎಂದು ತಲೆಯಾಡಿಸಿ ಏಳು ದಿನವೂ ಹೋದೆ.

ಯಾಕೆ ಎಂದರೆ, ಎತ್ತುವ ಕೆಲಸಕ್ಕೆ ರಜೆ ಎಂಬುದೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೆ ಭಾನುವಾರ ಇರಲಿಲ್ಲ, ಹಾಗಾಗಿ ನನಗೂ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಮನೆ. ಕಾರ್ಖಾನೆ ಮುಗಿಸಿ ಬಾಗಿಲು ತೆರೆದರೆ ಯಾರೂ "ಬಂದ್ಯಾ?" ಎನ್ನುತ್ತಿರಲಿಲ್ಲ. ಜಿಮ್ಮಿನಲ್ಲಿ ಆಸ್ಗೇರ್ ಬೈಯಲಿಕ್ಕಾದರೂ "ಮತ್ತೆ ಬಂದ್ಯಾ?" ಎನ್ನುತ್ತಿದ್ದ. ಆ ಎರಡು ಪದಕ್ಕೋಸ್ಕರ ಕಬ್ಬಿಣ ಎತ್ತುತ್ತಿದ್ದೆ ಎಂದರೂ ತಪ್ಪಿಲ್ಲ.

ಆಗಸ್ಟ್‌ನಲ್ಲಿ ಕಲ್ಲು ಮಂಡಿಯಿಂದ ಕೆಳಗಿಳಿಯಿತು. ಇನ್ನೂ ಹೆಚ್ಚು ಎತ್ತಿದೆ. ಅನ್ನಾಹಾರ ರುಚಿಸದೆ ಹೋಯಿತು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಮಲಗಿದರೆ ನಿದ್ದೆಯಿಲ್ಲ, ಕಾರ್ಖಾನೆಯಲ್ಲಿ ಮೀನು ಸೀಳುತ್ತಾ ನಿಂತಲ್ಲೇ ತೂಕಡಿಕೆ. ಸೆಪ್ಟೆಂಬರ್‌ನಲ್ಲಿ, ಬೇಸಿಗೆಯಿಡೀ ಮೇಯ್ದ ಕುರಿಗಳನ್ನು ಬೆಟ್ಟದಿಂದ ಇಳಿಸುವ ಹಬ್ಬದ ದಿನ ಊರಿಗೆ ಊರೇ ದೊಡ್ಡಿಗೆ ಹೋಗಿತ್ತು. ಹಾಡು, ಕುಡಿತ, ಕುರಿಗಳ ಕೂಗು ಎಲ್ಲ ಗಾಳಿಯಲ್ಲಿ ತೇಲಿ ಬರುತ್ತಿತ್ತು. ನಾನು ಅಂಗಳದಲ್ಲಿ ಒಬ್ಬಳೇ ಕಲ್ಲು ತಬ್ಬಿಕೊಂಡು ಕೂತಿದ್ದೆ. ಅದು ನೆಲ ಬಿಟ್ಟು ಏಳಲೇ ಇಲ್ಲ. ಮಾರ್ಚ್‌ನ ಆ ಬೆಳಿಗ್ಗೆಯಂತೆಯೇ ತೋಳು ನಡುಗುತ್ತಿತ್ತು. ಸಿಟ್ಟಿಗೆ ಕಲ್ಲಿಗೊಂದು ಒದ್ದೆ. ಕಾಲು ನೊಂದದ್ದಷ್ಟೇ ಲಾಭ.

ಮಫ್ಲರ್ ಮರೆತು ವಾಪಸು ಬಂದಿದ್ದ ಆಸ್ಗೇರ್ ಗೇಟಿನ ಹತ್ತಿರ ನಿಂತು ನೋಡುತ್ತಿದ್ದ.

"ಎಷ್ಟು ದಿನದಿಂದ ಬಿಡುವಿಲ್ದೆ ಬರ್ತಿದೀಯ?"

"ಮೊದಲಿಂದ."

"ಮೊದಲಿಂದ ಅಂದ್ರೆ?"

"ಮೊದಲಿಂದ ಅಂದ್ರೆ ಮೊದಲಿಂದ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾರಾಯ್ತಿ, ಗಟ್ಟಿ ಆಗೋದು ಎತ್ತಿದಾಗ ಅಲ್ಲ, ಎತ್ತಿ ಸುಮ್ನೆ ಕೂತಾಗ. ನಮ್ ವಯಸ್ಸಿಗಂತೂ ಇನ್ನೂ ನಿಧಾನ. ನೀನು ಉತ್ತ ಹೊಲಾನೇ ದಿನಾ ಉಳ್ತಾ ಇದ್ರೆ ಬೆಳೆ ಯಾವಾಗ ಬರಬೇಕು? ಎರಡು ವಾರ ಈ ಕಡೆ ತಲೆ ಹಾಕ್ಬೇಡ. ಬಂದ್ರೆ ತೊಟ್ಟಿಗೆ ಎತ್ತಿ ಹಾಕ್ತೀನಿ."

"ನಿನ್ ಮಂಡೀಲಿ ನನ್ನ ಎತ್ತೋಕಾಗುತ್ತಾ?"

"ಮುದುಕರನ್ನೆಲ್ಲ ಕರೀತೀನಿ. ಖುಷಿಯಾಗಿ ಬರ್ತಾರೆ."

ಮೊದಲ ದಿನ ಮನೆಯಲ್ಲಿ ಅಲಮಾರುಗಳನ್ನೆಲ್ಲ ತೊಳೆದೆ. ಎರಡನೆಯ ದಿನ ತಡೆಯಲಾರದೆ ಹಿತ್ತಲಿನ ಕುಸಿದ ಗೋಡೆಯ ಕಲ್ಲುಗಳನ್ನು ಜೋಡಿಸಲು ಹೊರಟೆ. ರಸ್ತೆಯಲ್ಲಿ ಹೋಗುತ್ತಿದ್ದ ಆಸ್ಗೇರ್ ಕಾರು ನಿಲ್ಲಿಸಿ, ನಾನು ಕಲ್ಲು ಕೆಳಗಿಡುವ ತನಕ ಹಾರ್ನ್ ಒತ್ತಿ ಹಿಡಿದ. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು. ಮಾನ ಹರಾಜಾದ ಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಾಫಿ ಕುಡಿದೆ. ಒಣಮೀನಿಗೆ ಬೆಣ್ಣೆ ಸವರಿ ಅಗಿದೆ. ಅಮ್ಮ ಹೋದ ಮೇಲೆ ನಾನು ಅವಳ ಕೋಣೆಯಲ್ಲಿ ಕೂತೇ ಇರಲಿಲ್ಲ, ಗುಡಿಸುತ್ತಿದ್ದೆ, ಹೊರಬರುತ್ತಿದ್ದೆ. ಆ ದಿನ ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಅವಳು ದಿನವಿಡೀ ನೋಡುತ್ತಿದ್ದುದು ಇದೇ ಎಂದು ಗೊತ್ತಾಯಿತು: ಒಂದು ತುಂಡು ಸಮುದ್ರ, ಪಕ್ಕದ ಮನೆಯ ಬಟ್ಟೆ ಒಣಹಾಕುವ ಹಗ್ಗ, ನಾನು ಬರುವ ದಾರಿ. ತುಂಬಾ ಒಂಟಿಯೆನಿಸಿತು, ನನಗಾಗಿ ಒಂದಿಷ್ಟು, ಅವಳಿಗಾಗಿ ಹೆಚ್ಚು. ಅತ್ತುಬಿಟ್ಟೆ. ಅಳುತ್ತಾ ಅಲ್ಲೇ ನಿದ್ದೆ ಹೋದೆ.

ಆಮೇಲಿನ ದಿನಗಳಲ್ಲಿ ಅದೇ ಕುರ್ಚಿಯಲ್ಲಿ ಮಲಗಿದಷ್ಟು ನಾನು ಎಂದೂ ಮಲಗಿಲ್ಲ. ಕಾರ್ಖಾನೆಯಿಂದ ಬಂದವಳೇ ಕಣ್ಣು ಮುಚ್ಚುತ್ತಿದ್ದೆ. ಎದ್ದರೆ ಹಸಿವು. ಕುರಿಮಾಂಸದ ಸಾರನ್ನು ಪಾತ್ರೆಗಟ್ಟಲೆ ಮಾಡಿ ಒಬ್ಬಳೇ ಮುಗಿಸಿದೆ. ತೊಡೆಯ ನಡುಕ ಹೋಯಿತು. ಹೆರ್ದಿಸ್ ಫೋನ್ ಮಾಡಿ, "ಏನ್ ಮಾಡ್ತಿದೀಯೇ?" ಎಂದಳು. "ಸುಮ್ನೆ ಕೂತಿದೀನಿ" ಎಂದೆ. ಅವಳು ಗಾಬರಿಯಾಗಿ, "ಹುಷಾರಿಲ್ವಾ?" ಎಂದು ಕೇಳಿದಳು.

ಎರಡು ವಾರ ಕಳೆದು ಕೊಳದ ಅಂಗಳಕ್ಕೆ ಹೋದೆ. ಆಸ್ಗೇರ್ ಪೊರಕೆ ಹಿಡಿದು ನಿಂತಿದ್ದ. ತೊಟ್ಟಿಯಲ್ಲಿ ಮೂರ್ನಾಲ್ಕು ತಲೆಗಳಿದ್ದವು. ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ತಬ್ಬಿದೆ. ಎದೆಗೆ ತಣ್ಣಗೆ ತಗುಲಿತು. ಉಸಿರು ಹಿಡಿದು ಕಾಲೂರಿ ಎದ್ದೆ.

ಎದ್ದಿತು. ಮಂಡಿ ದಾಟಿತು, ತೊಡೆಯ ಮೇಲೆ ಬಂತು, ಅಲ್ಲಿಂದ ಕಟ್ಟೆಯ ಮೇಲೆ ಕೂತಿತು. ಗುದ್ದಾಟವಿಲ್ಲ, ನಡುಕವಿಲ್ಲ. ನಾನು ಹೆದರಿದ್ದರ ಅರ್ಧ ಭಾರವೂ ಅದಕ್ಕಿರಲಿಲ್ಲ.

ತೊಟ್ಟಿಯಿಂದ ಕೂಗಾಟ ಎದ್ದಿತು. "ಹತ್ತು ಹತ್ತು, ದೋಣಿ ಹತ್ತು!" ಎಂದು ಆಸ್ಗೇರ್ ಪೊರಕೆ ಎತ್ತಿ ಕುಣಿಸಿದ.

ನಾನು ನಗಲಿಲ್ಲ. ಕಲ್ಲು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಅಮ್ಮ ಭಾರವಿರಲಿಲ್ಲ. ನಾನು ದಣಿದಿದ್ದೆ, ಅಷ್ಟೇ. ಕಬ್ಬಿಣ ಎತ್ತಿದ್ದು ನಾಲ್ಕು ತಿಂಗಳು, ಅಮ್ಮನನ್ನು ಎತ್ತಿದ್ದು ಒಂಬತ್ತು ವರ್ಷ. ಮೈಯಲ್ಲಿ ಶಕ್ತಿ ಎಂದೋ ಬೆಳೆದು ಕೂತಿತ್ತು, ಮೇಲೇಳಲು ಅದಕ್ಕೊಂದು ಬಿಡುವು ಬೇಕಿತ್ತು. ಅಮ್ಮ ಜಾರಿ ಬೀಳುವ ಮೊದಲು, ಫೆಬ್ರವರಿಯಲ್ಲಿ ಯಾರಾದರೂ ಬಂದು, ಎರಡು ವಾರ ನಾನು ನೋಡ್ಕೋತೀನಿ, ನೀನು ಮಲಗು ಎಂದಿದ್ದರೆ ಸಾಕಿತ್ತು. ಯಾರೂ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಗಟ್ಟಿಗಿತ್ತಿಯರು ಕೇಳುವುದಿಲ್ಲವಲ್ಲ.

"ಒದಿ ಅದನ್ನ! ಕೆಡವು!" ಎಂದು ಮುದುಕರು ಕೂಗಿದರು.

ನಾನು ಮತ್ತೆ ಕಲ್ಲನ್ನು ತಬ್ಬಿ ಎದೆಗೆ ತೆಗೆದುಕೊಂಡೆ.

"ಬಿಟ್ಟುಬಿಡು ಸ್ವಾವಾ, ಬೀಳಲಿ. ಕಲ್ಲಿಗೇನು ನೋವಾಗುತ್ತಾ?" ಎಂದ ಆಸ್ಗೇರ್.

ಬಿಡಲಿಲ್ಲ. ಮಂಡಿ ಬಗ್ಗಿಸಿ, ನಿಧಾನವಾಗಿ, ಹಾಸಿಗೆಯಲ್ಲಿ ಮಲಗಿಸುತ್ತಿದ್ದ ಹಾಗೆಯೇ ಅದನ್ನು ಹುಲ್ಲಿನ ಮೇಲೆ ಇಳಿಸಿದೆ. ಸದ್ದಾಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ತೋಳು ಬಿಡಿಸಿಕೊಳ್ಳುವ ಮೊದಲು ಅದರ ಹತ್ತಿರಕ್ಕೆ ಬಾಗಿ ಹೇಳಿದೆ:

"ಇಲ್ಲಮ್ಮ, ಏನೂ ಭಾರ ಇಲ್ಲ."