ಮೇಜಿನ ಕೆಳಗಿನ ಹಿತ್ತಾಳೆ ಸ್ಕ್ರೂ

ಉಪಕರಣ ಪರೀಕ್ಷಿಸುವ ಕೋಣೆಯೊಳಗೆ ಕಬ್ಬಿಣ ಸುಳಿಯಬಾರದು; ಹೋಗುವ ಮುಂಚೆ ಬೆಲ್ಟು, ವಾಚು, ಬೀಗದ ಕೈ ಎಲ್ಲವನ್ನೂ ಹೊರಗೆ ತಟ್ಟೆಯಲ್ಲಿಡಬೇಕು. ಮಾವ ಇಪ್ಪತ್ತಾರು ವರ್ಷದಿಂದ ಹಾಗೇ ಇಟ್ಟು ಹೋಗುತ್ತಿದ್ದವರು. ಓದಿದ್ದು ನಾಲ್ಕನೇ ಕ್ಲಾಸಾದರೂ ಉಪಗ್ರಹದ ಉಪಕರಣ ಜೋಡಿಸಲು ಅವರ ಕೈಯೇ ಆಗಬೇಕು. ಅಕ್ಕನ ಮಗಳು ಅಲ್ಲಿಗೇ ಎಂಜಿನಿಯರಾಗಿ ಬಂದ ಮೇಲೆ ಅವರು ಎಲ್ಲರಿಗೂ ಮಾವನೇ ಆಗಿಬಿಟ್ಟಿದ್ದರು.

ಇವತ್ತು ಮಾವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಐದು ಗಂಟೆಗೆ ಲಾರಿ. ಸೂರ್ಯನಿಂದ ಹರಿದುಬರುವ ಬಿಸಿ ಕಣಗಳ ಹೊಳೆಯಲ್ಲಿ ವಿದ್ಯುತ್ತನ್ನು ಅಳೆಯುವ ನಾಲ್ಕು ಗುಂಡುಗಳು ಆಗಲೇ ಪೆಟ್ಟಿಗೆ ಸೇರಿದ್ದವು. ಕಾಂತವನ್ನು ಅಳೆಯುವ ಡಬ್ಬಿ ಮಾತ್ರ ಹಟ ಹಿಡಿದಿತ್ತು. ಅಕ್ಕನ ಮಗಳು, ಆ ಹುಡುಗಿ, ಏಳು ವರ್ಷ ಜೀವ ತೇಯ್ದು ಮಾಡಿದ್ದು ಅದು. ಮೇಲೆ ಆಕಾಶದಲ್ಲಿ ಅದು ಅಳೆಯಬೇಕಾದದ್ದು ನಾಲ್ಕೋ ಐದೋ ಅಂಕಿಯಷ್ಟು ಸಣ್ಣ ಕಾಂತ. ಇಲ್ಲಿ, ಭೂಮಿಯ ಕಾಂತವೂ ನುಸುಳದ ಕೋಣೆಯಲ್ಲಿ, ಸೊನ್ನೆ ಇರಬೇಕಾದ ಕಡೆ ನಲವತ್ತು ತೋರಿಸುತ್ತಿತ್ತು.

"ಸಂತೇಲಿ ಕೂತು ಪಿಸುಮಾತು ಕೇಳಿದ ಹಾಗೆ" ಎಂದಳು ಹುಡುಗಿ, ಕಣ್ಣುಜ್ಜಿಕೊಳ್ಳುತ್ತ.

ಸಾಗಣೆಯವನು ಬಾಗಿಲಲ್ಲಿ ಇಣುಕಿದ. "ಏನಮ್ಮಾ, ಡಬ್ಬಿ ಬರುತ್ತೋ, ಇಲ್ಲ ಅದರ ಜಾಗಕ್ಕೆ ತೂಕದ ಕಲ್ಲು ಕಟ್ಟಲೋ? ಕಲ್ಲಾದ್ರೆ ಸುಮ್ನಿರುತ್ತೆ, ತಂಟೆ ಇಲ್ಲ."

"ಹೋಗಯ್ಯ, ನಿನ್ನನ್ನೇ ಕಟ್ಟಿ ಕಳಿಸ್ತೀನಿ" ಎಂದರು ಮಾವ.

ಅವರು ಕಣ್ಣು ಮುಚ್ಚಿ, ಡಬ್ಬಿಯ ಎಂಟು ಹಿತ್ತಾಳೆ ಸ್ಕ್ರೂಗಳನ್ನು ಒಂದೊಂದಾಗಿ ನೆನಪಿನಲ್ಲೇ ತಿರುಗಿಸಿದರು. ಆರನೆಯದಕ್ಕೆ ಬಂದಾಗ ಕೈ ನಿಂತಿತು. ಹೋದ ವಾರ ಹೊರಗಿನ ಮೇಜಿನ ಮೇಲೆ ಜೋಡಿಸುವಾಗ ಅದು ಜಾರಿ ಕೆಳಗೆ ಉರುಳಿತ್ತು. ಸೊಂಟ ಬಗ್ಗದೆ, ಗುಡಿಸುವವಳ ಅಯಸ್ಕಾಂತದ ಕೋಲು ತೂರಿಸಿದ್ದರು. ಸ್ಕ್ರೂ ಟಕ್ಕನೆ ಅಂಟಿಕೊಂಡು ಬಂದಿತ್ತು, ಅದನ್ನೇ ಹಾಕಿ ಬಿಗಿದಿದ್ದರು.

ಹಿತ್ತಾಳೆ ಎಲ್ಲಾದರೂ ಅಯಸ್ಕಾಂತಕ್ಕೆ ಅಂಟುತ್ತದೆಯೇ?

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು.

"ಪುಟ್ಟಿ, ತಪ್ಪು ನಂದು ಕಣೆ" ಎಂದರು ಮಾವ. "ಆರನೇದು ಬಿಚ್ಚು. ಹಳದಿ ಬಣ್ಣ ಬಳಿದ ಉಕ್ಕು ಅದು, ಮೇಜಿನ ಕೆಳಗೆ ಮೊದಲೇ ಬಿದ್ದಿದ್ದ ಬೇರೆ ಯಾವುದೋ ಸ್ಕ್ರೂ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಊರಿಗೆಲ್ಲ ಹೇಳ್ತಿದ್ದವನು ನಾನೇ."

ಹುಡುಗಿ ಅವರ ಮುಖವನ್ನೇ ನೋಡಿದಳು. ಆರನೆಯದನ್ನು ಬಿಚ್ಚಲು ಕೋಣೆಯೊಳಗೆ ಓಡಿದಳು. ಮಾವ ಮೊಣಕಾಲೂರಿ, ನರಳುತ್ತ ಮೇಜಿನ ಕೆಳಗೆ ತೂರಿದರು. ಗೋಡೆಯ ಸಂದಿಯಲ್ಲಿ, ಧೂಳಿನ ಉಂಡೆಯೊಳಗೆ, ನಿಜವಾದ ಹಿತ್ತಾಳೆ ಸ್ಕ್ರೂ ತಣ್ಣಗೆ ಬೆರಳಿಗೆ ತಗುಲಿತು.

ಅದನ್ನು ತೊಳೆದು, ಒರೆಸಿ, ಹಾಕಿ ಬಿಗಿದಾಗ ನಾಲ್ಕೂವರೆ. ಅಂಕಿ ಇಳಿಯಿತು: ಒಂಬತ್ತು, ಎರಡು, ಸೊನ್ನೆ.

ಲಾರಿ ಹೊರಟಿತು. ಹುಡುಗಿ ಅಯಸ್ಕಾಂತದ ಕೋಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಇನ್ನು ಇದನ್ನ ನಿಮ್ಮ ಕೈಗೆ ಕೊಡಲ್ಲ ಮಾವ."

"ಮತ್ತೆ ಸ್ಕ್ರೂ ಬಿದ್ರೆ? ನನ್ನ ಸೊಂಟ?"

"ಕೂಗಿ. ನಾನು ಬಗ್ತೀನಿ."