ದೀಪಗಾರನ ಕೊನೆಯ ಹದಿನಾರು ಪುಟ

ವಾಚಕ ಮಹಾಶಯರೇ, ಈ ವೃತ್ತಾಂತವನ್ನು ತಮ್ಮ ಅವಗಾಹನೆಗೆ ಒಪ್ಪಿಸುವ ಮೊದಲು ನನ್ನ ಯೋಗ್ಯತೆಯ ಕುರಿತು ಎರಡು ಮಾತು ಅರಿಕೆ ಮಾಡಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲಿನ ವಿದ್ಯೆಯೆಲ್ಲ ರದ್ದಿ ಅಂಗಡಿಗಳ ಮೂಲೆಯಲ್ಲಿ, ಬಸ್ ನಿಲ್ದಾಣಗಳ ಕಲ್ಲುಬೆಂಚುಗಳ ಮೇಲೆ, ರಟ್ಟು ಹರಿದ ಅಗ್ಗದ ಕಾದಂಬರಿಗಳಿಂದ ದೊರೆತದ್ದು. ಮಂತ್ರವಾದಿಗಳೂ ಹಾರುವ ಕುದುರೆಗಳೂ ಸಮುದ್ರದಾಚೆಯ ಕೋಟೆಗಳೂ ನನಗೆ ವಾಕ್ಯ ಕಟ್ಟುವುದನ್ನು ಕಲಿಸಿದವು. ನನ್ನ ಮಾತು ಎಲ್ಲಿಯಾದರೂ ಅತಿಯಾಗಿ ಬಿಗಿದುಕೊಂಡಂತೆ ಕಂಡರೆ ಅದು ಆ ಗುರುಗಳ ಛಾಯೆಯೆಂದು ತಿಳಿದು ಮನ್ನಿಸಬೇಕು.

ನನ್ನ ಹೆಸರು ಮಲಕಾಜಪ್ಪ. ಹೊಲಿಗೆ ಯಂತ್ರಗಳ ದುರಸ್ತಿ ನನ್ನ ಕಸುಬು. ಒಂದು ಚೀಲದಲ್ಲಿ ಹತ್ಯಾರ, ಇನ್ನೊಂದರಲ್ಲಿ ಪುಸ್ತಕ. ಮುಧೋಳ, ಲೋಕಾಪುರ, ಬೀಳಗಿ, ಜಮಖಂಡಿ ಎಂದು ತಿರುಗುತ್ತ ಯಾವ ಊರಲ್ಲಿಯೂ ಮೂರು ತಿಂಗಳಿಗಿಂತ ಹೆಚ್ಚು ನಿಂತವನಲ್ಲ. ಬನಹಟ್ಟಿಯಲ್ಲಿ ಮಾತ್ರ ಹದಿನಾಲ್ಕು ತಿಂಗಳು ನಿಂತೆ. ಅದಕ್ಕೆ ಶಿದ್ರಾಮಪ್ಪಜ್ಜನ ಪಡಸಾಲೆ ಕಾರಣ.

ಅಜ್ಜ ನಲವತ್ತು ವರ್ಷ ಮಗ್ಗ ನಡೆಸಿದ ನೇಕಾರರು. ವಾರದ ರಜೆಯ ಮಧ್ಯಾಹ್ನ, ಓಣಿಯ ಪವರ್‌ಲೂಮುಗಳೆಲ್ಲ ಸದ್ದಡಗಿಸಿದಾಗ, ನಾವು ನಾಲ್ವರು ಅಲ್ಲಿ ಸೇರುತ್ತಿದ್ದೆವು: ಅಜ್ಜ, ಹೊಲಿಗೆ ಅಂಗಡಿಯ ಭಾಗ್ಯಾ, ಆಟೋ ಓಡಿಸುವ ಈರಪ್ಪ ಮತ್ತು ನಾನು. ಭಾಗ್ಯಾಳ ಯಂತ್ರ ಬಿಚ್ಚಲು ಹೋದ ದಿನ ಅದರ ಖಾನೆಯಲ್ಲಿ ಬಾಬಿನ್ನುಗಳ ನಡುವೆ ಒಂದು ಮಾಂತ್ರಿಕ ಕಾದಂಬರಿ ಕಂಡು, ಅದರ ಎರಡನೆಯ ಭಾಗ ನನ್ನ ಚೀಲದಲ್ಲಿದೆಯೆಂದು ಹೇಳಿದ್ದೆ. ಆಕೆಯೇ ನನ್ನನ್ನು ಆ ಪಡಸಾಲೆಗೆ ಕರೆತಂದಳು.

ಮಾಯಾಲೋಕದ ಕಥೆಗಳನ್ನಷ್ಟೇ ಓದುವ ಆ ಕೂಟಕ್ಕೆ ಎರಡು ಕಟ್ಟಳೆಗಳಿದ್ದವು. ಯಾವ ಪುಟ ನಮ್ಮನ್ನು ಹಿಡಿದು ನಿಲ್ಲಿಸಿತೋ ಆ ಪುಟಕ್ಕೆ ನಮ್ಮ ನಮ್ಮ ಬಣ್ಣದ ನೂಲಿನ ಎಳೆಯೊಂದನ್ನು ಕಟ್ಟಿ ಪುಸ್ತಕವನ್ನು ಮುಂದಿನವರಿಗೆ ಕೊಡಬೇಕು. ಅಜ್ಜನದು ಬಿಳಿ, ಭಾಗ್ಯಾಳದು ಹಸಿರು, ಈರಪ್ಪನದು ಹಳದಿ, ನನ್ನದು ಕೆಂಪು. ಎರಡನೆಯದು, ಎಲ್ಲರೂ ಓದಿ ಮುಗಿಸುವವರೆಗೆ ಯಾರೂ ಕೊನೆಯ ಸುದ್ದಿ ಎತ್ತಕೂಡದು. ತಪ್ಪಿದವರಿಗೆ ಒಂದು ತಿಂಗಳು ಪುಸ್ತಕವಿಲ್ಲ. ತನ್ನ ಆಟೋದ ಪ್ರಯಾಣಿಕರಿಗೆ ಕೊನೆ ಹೇಳಿ ಈರಪ್ಪ ಎರಡು ಸಲ ಈ ಶಿಕ್ಷೆ ಅನುಭವಿಸಿದ್ದ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅಜ್ಜ ಕೇಳಿದರು. “ಮಲಕಾಜಪ್ಪ, ಇಲ್ಲೀತನಕ ಓದಿದ್ರಾಗ ಎಲ್ಲಕ್ಕಿಂತ ಛಲೋ ಕೊನಿ ಯಾವ ಪುಸ್ತಕದ್ದು?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “‘ಕಗ್ಗಲ್ಲ ಕೋಟೆಯ ದೀಪಗಾರ’ರಿ. ಅಂಥಾ ಕೊನಿ ನಾ ಮತ್ತೆಲ್ಲೂ ಓದಿಲ್ಲ.”

ಕಥೆಯನ್ನು ಕೊನೆಯೊಂದನ್ನು ಬಿಟ್ಟು ಹೇಳಿದೆ. ಕತ್ತಲೆಯ ನಾಡೊಂದಕ್ಕೆ ಬೆಳಕು ತರಲು ಒಬ್ಬ ದೀಪಗಾರ ಕಗ್ಗಲ್ಲ ಕೋಟೆಯ ರಾಕ್ಷಸನಲ್ಲಿಗೆ ಹೋಗುತ್ತಾನೆ. ಆರದ ಜ್ಯೋತಿ ಬೇಕೆಂದರೆ ನಿನ್ನ ಎರಡೂ ಕಣ್ಣುಗಳನ್ನು ಒತ್ತೆಯಿಡು, ಜ್ಯೋತಿ ಹಿಡಿದು ಏಳು ಬಾಗಿಲು ದಾಟಿ ಬಂದರೆ ಹಿಂದಿರುಗಿಸುತ್ತೇನೆ ಎನ್ನುತ್ತಾನೆ ರಾಕ್ಷಸ. ದೀಪಗಾರ ಕುರುಡನಾಗಿಯೇ ಒಂದೊಂದು ಬಾಗಿಲು ದಾಟುತ್ತಾನೆ.

ಆ ದಿನ ನಾನು ಹೇಳದೆ ಉಳಿಸಿದ್ದು ಇಷ್ಟೇ. ಇಪ್ಪತ್ತು ವರ್ಷಗಳ ಹಿಂದೆ ಲೋಕಾಪುರದ ಬಸ್ ನಿಲ್ದಾಣದಲ್ಲಿ ನಾನು ಓದಿದ ಪ್ರತಿಗೆ ಕೊನೆಯ ಹದಿನಾರು ಪುಟಗಳೇ ಇರಲಿಲ್ಲ. ದೀಪಗಾರ ಏಳನೆಯ ಬಾಗಿಲಿಗೆ ಕೈ ಹಚ್ಚಿದಲ್ಲಿಗೆ ಹಾಳೆ ಮುಗಿದಿತ್ತು. ಮುಂದಿನದನ್ನು ನಾನೇ ದಾರಿ ಸಾಗುತ್ತ, ಊರೂರಿನ ಧರ್ಮಶಾಲೆಗಳಲ್ಲಿ ಮಲಗಿ, ಕಟ್ಟಿಕೊಂಡೆ. ಎಷ್ಟು ಸಲ ಅದನ್ನು ಮನಸ್ಸಿನಲ್ಲಿ ಓದಿಕೊಂಡಿದ್ದೆನೆಂದರೆ, ಅದು ಅಚ್ಚಾದದ್ದಲ್ಲ ಎಂಬ ಸಂಗತಿಯೇ ನನಗೆ ಮಸುಕಾಗಿ ಹೋಗಿತ್ತು.

ಎರಡು ತಿಂಗಳಲ್ಲಿ ಈರಪ್ಪ ಮುಧೋಳದ ರದ್ದಿ ಅಂಗಡಿಯೊಂದರಲ್ಲಿ ಪೂರ್ತಿ ಪ್ರತಿ ಹಿಡಿದು ತಂದ. ಬರುವಾಗಲೇ ರಟ್ಟಿನ ಫೋಟೋ ತೆಗೆದು ನಮ್ಮಂಥ ಪುಸ್ತಕಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿದ್ದರಿಂದ ಬೀಳಗಿ, ಜಮಖಂಡಿಯ ಓದುಗರೆಲ್ಲ ತಮ್ಮ ಸರದಿ ಕೇಳಿ ಬರೆದಿದ್ದರು. “ಎಲ್ಲಾರಿಗೂ ಹೇಳೇನಿ, ಇದರ ಕೊನಿಗೆ ಮಲಕಾಜಿ ಜಾಮೀನು ಅಂತ,” ಎಂದು ಅವನು ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟ. ಎಲ್ಲರೂ ನೋಡುತ್ತಿದ್ದರು. ನಾನು ಕೊನೆಯ ಹಾಳೆಗೆ, ಅದನ್ನು ಓದದೆಯೇ, ಹೆಮ್ಮೆಯಿಂದ ಕೆಂಪು ನೂಲು ಕಟ್ಟಿಬಿಟ್ಟೆ.

ಮೊದಲು ಓದಿದವಳು ಭಾಗ್ಯಾ. ಹತ್ತು ದಿನದ ಮೇಲೆ ಪುಸ್ತಕ ಹಿಂದಿರುಗಿಸುವಾಗ ಆಕೆಯ ಮುಖದಲ್ಲಿ ಮೆಚ್ಚುಗೆ ಇರಲಿಲ್ಲ.

“ಅಣ್ಣಾರ, ನಿಮ್ಮ ಕೆಂಪ ನೂಲ ಆ ಹಾಳಿಗೆ ಯಾಕ ಕಟ್ಟೀರಿ, ನನಗ ತಿಳೀಲಿಲ್ಲ,” ಎಂದಳು. ಕಟ್ಟಳೆ ಇದ್ದುದರಿಂದ ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

ಕೋಣೆಗೆ ಬಂದು ಬಾಗಿಲಿಕ್ಕಿ ಆ ಹದಿನಾರು ಪುಟಗಳನ್ನು ಓದಿದೆ. ಏಳನೆಯ ಬಾಗಿಲ ಬಳಿ ರಾಕ್ಷಸ ನಗುತ್ತಾನೆ. ನಿನ್ನ ಕಣ್ಣುಗಳನ್ನು ಮೊದಲ ದಿನವೇ ಬಾವಿಗೆ ಎಸೆದೆ ಎನ್ನುತ್ತಾನೆ. ಜ್ಯೋತಿ ಆರುತ್ತದೆ. ದೀಪಗಾರ ಆ ಕೋಟೆಯಲ್ಲೇ ಕುರುಡು ದ್ವಾರಪಾಲಕನಾಗಿ ಉಳಿಯುತ್ತಾನೆ. ಅದರ ಕೆಳಗೆ ಕೂದಲೆಣ್ಣೆಯ ಜಾಹೀರಾತು. ನನ್ನ ಕೆಂಪು ಎಳೆ ಆ ಜಾಹೀರಾತಿನ ಮೇಲೆ ಜೋಲುತ್ತಿತ್ತು.

ನನ್ನ ಮಾತಿಗೆ ಬೆಲೆಯಿದ್ದ ಜಾಗ ನಾಡಿನಲ್ಲಿ ಅದೊಂದೇ ಪಡಸಾಲೆ. ಅಷ್ಟೇ ಆಗಿದ್ದರೆ ನಾಚಿಕೆಯಿಂದ ಒಪ್ಪಿಕೊಂಡು ಮುಗಿಸುತ್ತಿದ್ದೆ. ಆದರೆ ಅಜ್ಜನ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಜಮಖಂಡಿಯ ಕಣ್ಣಿನ ದವಾಖಾನೆಯಲ್ಲಿ ಆಪರೇಷನ್ನಿಗೆ ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ಹೆದರಿ ಹೋಗದೆ ಉಳಿದಿದ್ದರು. ಪುಸ್ತಕವನ್ನು ನಾವೇ ಸರದಿಯಲ್ಲಿ ಅವರಿಗೆ ಓದಿ ಹೇಳುತ್ತಿದ್ದೆವು. ಆರು ಬಾಗಿಲು ದಾಟಿ, ಉಳಿದದ್ದು ಹದಿನಾರೇ ಪುಟವೆಂದು ಈರಪ್ಪ ಎಣಿಸಿ ಹೇಳಿದ ದಿನ ಅಜ್ಜ ಸ್ಪಷ್ಟವಾಗಿ ಹೇಳಿದರು.

“ಮುಂದಿನ ವಾರದ ಗುರುವಾರ ಮತ್ತ ಬಾ ಅಂದಾರ. ದೀಪಗಾರಗ ಕಣ್ಣ ಬರ್ತಾವೋ ಇಲ್ಲೋ ಕೇಳಿ, ಆಮ್ಯಾಲೆ ನೋಡೂಣು.”

“ಡಾಕ್ಟರು ರಾಕ್ಷಸ ಅಲ್ರೀ ಅಜ್ಜಾರ, ಒತ್ತಿ ಇಟಗೊಳ್ಳಾಂಗಿಲ್ಲ,” ಎಂದ ಈರಪ್ಪ.

“ನಿನ್ನ ಕಣ್ಣ ಛಲೋ ಅದಾವಲೇ, ಅದಕ್ಕ ಚ್ಯಾಷ್ಟಿ ಮಾಡಾಕತ್ತಿ. ಮಲಕಾಜಪ್ಪ, ಕೊನಿ ನೀನ ಓದಬೇಕು. ಶಿಫಾರಸ ನಿಂದು.”

ಮುಂದಿನ ರಜೆಯವರೆಗಿನ ದಿನಗಳನ್ನು ಹೇಗೆ ಕಳೆದೆನೋ ತಿಳಿಯದು. ಯಂತ್ರಗಳ ಸೂಜಿಗಳನ್ನು ತಿರುವುಮುರುವಾಗಿ ಕೂಡಿಸಿದೆ. ಭಾಗ್ಯಾಳ ಅಂಗಡಿಯಿರುವ ರಸ್ತೆ ಬಿಟ್ಟು ಸುತ್ತು ಹಾಕಿ ನಡೆದೆ. ನಿಜವಾದ ಕೊನೆ ಓದಿದರೆ ಮುದುಕರು ದವಾಖಾನೆಯ ಮೆಟ್ಟಿಲು ಹತ್ತಲಾರರು. ಓದದಿದ್ದರೆ ನಾನು ಸುಳ್ಳುಗಾರ. ಅವರ ಕಣ್ಣಿನ ಚಿಂತೆ ಎಷ್ಟು, ನನ್ನ ಮಾನದ ಚಿಂತೆ ಎಷ್ಟು ಎಂದು ತೂಗಿ ನೋಡುವ ಧೈರ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ಮಧ್ಯಾಹ್ನ ಪುಸ್ತಕ ತೆರೆದೆ. ಭಾಗ್ಯಾ ನನ್ನ ಬಲಕ್ಕೆ, ಹಾಳೆ ಕಾಣುವಷ್ಟು ಹತ್ತಿರ ಕುಳಿತಿದ್ದಳು. ಅಜ್ಜ ಕಣ್ಣು ಮುಚ್ಚಿ ಧೋತರದ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು. ನಾನು ಅಚ್ಚಿನ ಸಾಲುಗಳ ಮೇಲೆ ದೃಷ್ಟಿಯಿಟ್ಟು ನನ್ನ ಕೊನೆಯನ್ನು ಓದತೊಡಗಿದೆ.

ಏಳನೆಯ ಬಾಗಿಲ ಒಳಗೆ ಗೋಡೆಯ ತುಂಬ ಗೂಡುಗಳು. ಗೂಡಿಗೆ ಒಂದು ಜೊತೆಯಂತೆ ಸಾವಿರ ಜೊತೆ ಕಣ್ಣುಗಳು. ನಿನ್ನವನ್ನು ನೀನೇ ಆರಿಸಿಕೋ, ತಪ್ಪಿದರೆ ನೀನೂ ನನ್ನವನು ಎನ್ನುತ್ತಾನೆ ರಾಕ್ಷಸ. ಕುರುಡ ಆರಿಸುವುದಾದರೂ ಹೇಗೆ? ದೀಪಗಾರ ಜ್ಯೋತಿಯನ್ನು ಒಂದೊಂದು ಗೂಡಿನ ಮುಂದೆ ಹಿಡಿದು, ಮತ್ತೊಂದು ಕೈಯಿಂದ ಅಲ್ಲಿಯ ಕಲ್ಲನ್ನು ಮುಟ್ಟುತ್ತ ಸಾಗುತ್ತಾನೆ. ಕಲ್ಲು ಒಣ ಒಣ. ಒಂದು ಗೂಡಿನಲ್ಲಿ ಮಾತ್ರ ಬೆರಳು ಒದ್ದೆಯಾಗುತ್ತದೆ. ಜನ್ಮವಿಡೀ ದೀಪದ ಹೊಗೆಯಲ್ಲಿ ದುಡಿದ ಕಣ್ಣುಗಳು, ಹೊಗೆ ತಾಗಿದೊಡನೆ ನೀರು ತುಂಬಿಕೊಂಡಿದ್ದವು.

ಓದು ನಿಲ್ಲಿಸಿದೆ. ಭಾಗ್ಯಾ ತೆರೆದ ಹಾಳೆಯಿಂದ ಕಣ್ಣೆತ್ತಿರಲಿಲ್ಲ.

“ಹೊಗಿಗೆ ನೀರ ಬಂತು,” ಎಂದು ಅಜ್ಜ ತಮಗೆ ತಾವೇ ಅಂದುಕೊಂಡರು. ಆಮೇಲೆ ಧೋತರದ ಅಂಚು ಬಿಟ್ಟು ಅಂದರು, “ಈರಪ್ಪ, ಗುರುವಾರ ಮುಂಜಾನೆ ಆಟೋ ತಗೊಂಡ ಬಾ. ಮಲಕಾಜಪ್ಪ, ಕಣ್ಣ ಬಂದ್ರ ಮೊದಲ ಈ ಪುಟಾನ ನಾ ಓದಾಂವ. ನನ್ನ ಬಿಳಿ ನೂಲ ಅಲ್ಲೇ ಕಟ್ಟತೇನಿ.”

ಹೊರಗೆ ಚಪ್ಪಲಿ ಮೆಟ್ಟುವಾಗ ಭಾಗ್ಯಾ ದನಿ ತಗ್ಗಿಸಿ ಕೇಳಿದಳು. “ಯಾವ ಪುಟ ಓದಿದ್ರಿ ಅಣ್ಣಾರ?”

ನಾನು ನೆಲ ನೋಡಿದೆ. “ಪುಸ್ತಕ ಕಳದೈತಿ ಅಂದ್ರ ಹೆಂಗ?”

“ಅನ್ರಿ. ನಾ ಸುಮ್ಮನ ಇರ್ತೇನಿ. ಆದ್ರ ಇನ್ನ ಮ್ಯಾಲೆ ನೀವು ಛಲೋ ಐತಿ ಅಂದ ಪುಸ್ತಕ ನಾ ಮುಟ್ಟೂದಿಲ್ಲ.” ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಮತ್ತೆ ಅಂದಳು, “ನೀವು ಓದಿದ್ದು ಕೆಟ್ಟ ಇರ್ಲಿಲ್ಲ. ಅದು ಬ್ಯಾರೆ ಮಾತು.”

ಗುರುವಾರ ಸಂಜೆ ಈರಪ್ಪನ ಫೋನು ಬಂತು.

“ಆಪರೇಷನ್ ಆತು. ಒಂದ ಕಣ್ಣಂದು. ನಾಳೆ ಮುಂಜಾನೆ ಪಟ್ಟಿ ಬಿಚ್ಚತಾರ. ಪುಸ್ತಕ ತಗೊಂಡ ಬಾ ಅನ್ನಾಕತ್ತಾರ ನಮ್ಮ ಮುದುಕ. ಒಂದ ವಾರ ಓದಬ್ಯಾಡ್ರಿ ಅಂದ್ರ ಡಾಕ್ಟರಿಗೇ ಜೋರ ಮಾಡಿದ್ರು.”

“ನೀನ ಬಂದ ಒಯ್ಯಿ ಮಾರಾಯಾ.”

“ಇಲ್ಲ, ನೀನ ತರಬೇಕಂತ. ಮತ್ತ ಒಂದ ಮಾತ ಹೇಳ್ಯಾರ, ನನಗಂತೂ ತಿಳೀಲಿಲ್ಲ. ಹದಿನಾರ ಪುಟ ಅಂದ್ರ ಎಂಟ ಹಾಳಿ. ನೀ ಹಾಳಿ ಮಗಚಿದ ಸಪ್ಪಳ ಎರಡ ಸಲ ಅಷ್ಟ ಕೇಳಿತಂತ. ಏನಿದು?”

ನೂರು ಮಗ್ಗಗಳ ಗದ್ದಲದಲ್ಲಿ ತಮ್ಮ ಮಗ್ಗದ ಒಂದು ಎಳೆ ಹರಿದರೆ ಸದ್ದಿನಿಂದಲೇ ಹಿಡಿಯುತ್ತಿದ್ದ ಕಿವಿ ಅದು. ನಾನು ಕಣ್ಣನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ.

“ಸಿಟ್ಟಿಲೆ ಅಂದ್ರೇನು?”

“ಅರ್ಧ ಮಾರಿ ಪಟ್ಟಿ ಐತಿ. ಸಿಟ್ಟೋ ನಗಿಯೋ ಹೆಂಗ ತಿಳೀಬೇಕು?” ಎಂದು ಈರಪ್ಪ ಫೋನ್ ಇಟ್ಟ.

ಗೊತ್ತಿದ್ದೂ ಅವರು ಆಪರೇಷನ್ನಿಗೆ ಹೋದರೇ, ಅಥವಾ ಮೇಜಿನ ಮೇಲೆ ಮಲಗಿದಾಗ ಆ ಸಪ್ಪಳ ನೆನಪಾಯಿತೇ? ಒಂದು ನೋಟಬುಕ್ಕು ತೆಗೆದು ನನ್ನ ಕೊನೆಯನ್ನು ಬರೆಯಲು ಕುಳಿತೆ. ಇಪ್ಪತ್ತು ವರ್ಷ ಹೊತ್ತು ತಿರುಗಿದ್ದು ಬರೆದಾಗ ನಾಲ್ಕೇ ಪುಟವಾಯಿತು. ಹಾಳೆಗಳನ್ನು ಹರಿದು, ಮಡಚಿ, ಪುಸ್ತಕದ ನಡುವೆ ಇಟ್ಟೆ. ಕೂದಲೆಣ್ಣೆಯ ಜಾಹೀರಾತಿನ ಮೇಲಿದ್ದ ಕೆಂಪು ನೂಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನನ್ನ ಹಾಳೆಗಳಿಗೆ ನಾನೇ ಕಟ್ಟಿಕೊಳ್ಳುವಂತಿರಲಿಲ್ಲ.

ಬೆಳಿಗ್ಗೆ ಹತ್ಯಾರಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಂದು ಚೀಲಕ್ಕೆ ಹಾಕಿದೆ. ಪುಸ್ತಕಗಳನ್ನು ಇನ್ನೊಂದಕ್ಕೆ. ಹಾಸಿಗೆ ಸುತ್ತಿದೆ. ಬೀಗದ ಕೈ ಕೊಡಲು ಹೋದಾಗ ಮನೆಯೊಡತಿ ಇಂದ್ರವ್ವ ಅಂಗಳ ಗುಡಿಸುತ್ತಿದ್ದರು.

“ಎಲ್ಲಾ ಕಟಗೊಂಡ ಹೊಂಟೀಯಲ್ಲೋ ತಮ್ಮಾ. ಯಾವೂರಿಗೆ?”

“ಜಮಖಂಡಿಗ್ರಿ ಅವ್ವಾರ. ಶಿದ್ರಾಮಪ್ಪಜ್ಜಾರ್ನ ನೋಡಾಕ.”

“ನೋಡಾಕ ಹೋಗಾವ್ರು ಹಾಸಿಗಿ ಒಯ್ತಾರೇನು? ತಿರಿಗಿ ಬರ್ತೀಯೋ ಇಲ್ಲೋ?”

“ಅವರನ್ನ ಕೇಳಿ ಹೇಳ್ತೇನ್ರಿ.”

ಆಕೆ ಬೀಗದ ಕೈ ತೆಗೆದುಕೊಳ್ಳಲಿಲ್ಲ. ಕಟ್ಟೆಯ ಮೇಲೆ ಇಡು ಎಂದರು. ಇಟ್ಟೆ.

ಜಮಖಂಡಿಗೆ ಹೋಗುವ ಬಸ್ಸು ಅಲ್ಲಿಂದ ಮುಧೋಳಕ್ಕೂ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಕಂಡಕ್ಟರ್ ಮುಂದೆ ನಿಂತಾಗ ಬಾಯಿ ಯಾವ ಊರಿನ ಹೆಸರು ಹೇಳೀತೆಂಬ ಭರವಸೆ ಇರಲಿಲ್ಲ. ಆದ್ದರಿಂದ ದೀಪಗಾರನನ್ನು ಚೀಲದಲ್ಲಿಡದೆ ಕೈಯಲ್ಲೇ ಹಿಡಿದುಕೊಂಡು, ಆಗಷ್ಟೇ ಸದ್ದೆಬ್ಬಿಸತೊಡಗಿದ್ದ ಮಗ್ಗಗಳ ಓಣಿ ದಾಟಿ, ನಿಲ್ದಾಣದ ಕಡೆಗೆ ನಡೆದೆ.